ಮುಪ್ಪಿನ ಕಸುಬು

ನವೆಂಬರ್ ತಿಂಗಳು. ಹಲಸೂರಿನ ಒಂದು ಬ್ಯಾಂಕಿನ ಹೊರಗೆ ಹಾಕಿರುವ ಬೆಂಚು. ಪಿಂಚಣಿ ಪಡೆಯುವವರು ತಾವಿನ್ನೂ ಬದುಕಿದ್ದೇವೆ ಎಂದು ವರ್ಷಕ್ಕೊಮ್ಮೆ ಪ್ರಮಾಣಪತ್ರ ಕೊಡುವ ಕಾಲ. ಒಳಗೆ ಸರ್ವರ್ ಕೈಕೊಟ್ಟಿದೆ. ಬೆಂಚಿನ ಮೇಲೆ ಇಬ್ಬರಿದ್ದಾರೆ. ಒಬ್ಬರು ದೂರವಾಣಿನಗರದ ಐಟಿಐ ಟೆಲಿಫೋನ್ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದ, ಎಪ್ಪತ್ತೆಂಟರ ಹಿರಿಯರು. ಇನ್ನೊಬ್ಬರು ಹೋದ ವರ್ಷ ಸರ್ಕಾರಿ ಪ್ರೌಢಶಾಲೆಯಿಂದ ನಿವೃತ್ತರಾದ ಕನ್ನಡ ಅಧ್ಯಾಪಕಿ. ಸೋಮೇಶ್ವರ ದೇವಸ್ಥಾನದ ಹಿಂದಿನ ಒಂದೇ ಬೀದಿಯಲ್ಲಿ ಬೆಳೆದವರಾದ್ದರಿಂದ ಮಾತಿಗೆ ಪೀಠಿಕೆ ಬೇಕಾಗಿಲ್ಲ.

ಆಕೆ: ಬೆರಳಚ್ಚು ಬಂತಾ?

ಹಿರಿಯರು: ಎಲ್ಲಿ ಬರುತ್ತೆ ಟೀಚರಮ್ಮ? ಹತ್ತು ಬೆರಳೂ ಒತ್ತಿಸಿ ನೋಡಿದ ಆ ಹುಡುಗ. ವಯಸ್ಸಾದ ಮೇಲೆ ಚರ್ಮ ಒಣಗುತ್ತೆ, ಗೆರೆ ಸವೆಯುತ್ತೆ. ಅದರ ಮೇಲೆ ನಾನು ಆಯಸ್ಸೆಲ್ಲ ಲೋಹದ ಚೂರು ಹಿಡಿದು ಕೂತವನು. ಈಗ ಮುಖ ತೋರಿಸಿದರೂ ನಡೆಯುತ್ತೆ. 2014ರಲ್ಲಿ ಡಿಜಿಟಲ್ ಪ್ರಮಾಣಪತ್ರ ಬಂತು, 2021ರಲ್ಲಿ ಮುಖ ಗುರುತಿಸುವ ಏರ್ಪಾಡೂ ಬಂತು. ಸರ್ವರ್ ಎದ್ದೇಳಲಿ, ಮುಖ ತೋರಿಸಿ ಹೋಗ್ತೀನಿ.

ಆಕೆ: ನನಗೆ ಇದು ಮೊದಲನೇ ಸಲ. ಬದುಕಿದ್ದೀನಿ ಅಂತ ನಾನೇ ಬಂದು ಹೇಳಬೇಕಾದಾಗ ಮನಸ್ಸಿಗೆ ಒಂಥರಾ ಆಯಿತು.

ಹಿರಿಯರು: ನನಗೆ ಹಾಗನ್ನಿಸಲ್ಲ. ದುಡ್ಡು ಕೊಡೋರು ಕೇಳ್ತಾರೆ, ಕೇಳಲಿ. ಮನಸ್ಸಿಗೆ ಚುಚ್ಚೋದು ಆ ಮೊತ್ತ. ನಿಮ್ಮದು ಸರ್ಕಾರಿ ಪಿಂಚಣಿ. ನಮ್ಮದು ಇಪಿಎಸ್-95. 1995ರ ನವೆಂಬರ್‌ನಲ್ಲಿ ಶುರುವಾದ ಯೋಜನೆ. ತಿಂಗಳಿಗೆ ಕನಿಷ್ಠ 1000 ರೂಪಾಯಿ ಅಂತ 2014ರಲ್ಲಿ ಗೊತ್ತು ಮಾಡಿದರು. ಅಷ್ಟನ್ನೇ ನೆಚ್ಚಿಕೊಂಡಿರೋರು ನಮ್ಮ ಕಡೆ ಎಷ್ಟೋ ಜನ ಇದ್ದಾರೆ. ಔಷಧಿ ಅಂಗಡಿಗೆ ಒಂದು ಸಲ ಹೋಗಿ ಬಂದರೆ ಮುಗೀತು. ವಯಸ್ಸಿನ ಪಾಠ ಅಂತ ಯಾರಾದರೂ ಭಾಷಣ ಶುರು ಮಾಡಿದರೆ ಮೊದಲು ಇದನ್ನು ಕೇಳಬೇಕು ಅನ್ನಿಸುತ್ತೆ: ಸ್ವಾಮಿ, ನಿಮಗೆ ಪಿಂಚಣಿ ಎಷ್ಟು ಬರುತ್ತೆ?

ಆಕೆ: ಹಾಗಾದರೆ ನಾನು ಕೇಳಬೇಕು ಅಂದುಕೊಂಡಿದ್ದನ್ನು ಕೇಳೋದು ಕಷ್ಟ.

ಹಿರಿಯರು: ಏನದು?

ಆಕೆ: ನನಗೆ ಅರವತ್ತೊಂದು. ನಿಮ್ಮ ವಯಸ್ಸಿಗೆ ಬರೋ ಹೊತ್ತಿಗೆ ಏನೇನು ಗೊತ್ತಿರಬೇಕು? ಮೂವತ್ತು ವರ್ಷ ಪಾಠ ಹೇಳಿದ್ದೀನಿ, ಆದರೆ ಇದರ ಪಠ್ಯಪುಸ್ತಕ ಯಾರೂ ಕೈಗೆ ಕೊಡಲಿಲ್ಲ.

ಹಿರಿಯರು: ವಯಸ್ಸು ಏನನ್ನೂ ಕಲಿಸಲ್ಲ ಟೀಚರಮ್ಮ. ಇದನ್ನು ನಾನು ಖಡಾಖಂಡಿತವಾಗಿ ಹೇಳ್ತೀನಿ. ಕೂದಲು ತಾನಾಗಿ ನರೆಯುತ್ತೆ, ಬುದ್ಧಿ ತಾನಾಗಿ ಬರಲ್ಲ. ಮೂವತ್ತಕ್ಕೆ ಸಿಡುಕನಾಗಿದ್ದವನು ಎಪ್ಪತ್ತಕ್ಕೆ ಇನ್ನಷ್ಟು ಸಿಡುಕನಾಗಿದ್ದನ್ನು ಕಂಡಿದ್ದೀನಿ. ಮುಪ್ಪು ಒಂದು ಕಸುಬು. ಕಸುಬನ್ನು ಕೂತು ಕಲೀಬೇಕು, ಕೈ ಕೊಳೆ ಮಾಡಿಕೊಂಡು ಕಲೀಬೇಕು.

ಆಕೆ: ನೀವು ಹೇಗೆ ಕಲಿತಿರಿ?

ಹಿರಿಯರು: ಡಯಲ್‌ನಿಂದ.

ಆಕೆ: ಟೆಲಿಫೋನ್ ಡಯಲ್ಲಾ?

ಹಿರಿಯರು: ಹೌದು. ನಾನು ಹುಟ್ಟಿದ್ದು 1947ರಲ್ಲಿ. ದಂಡು ಪ್ರದೇಶ ಬ್ರಿಟಿಷರ ಕೈಯಿಂದ ಮೈಸೂರಿಗೆ ವಾಪಸು ಬಂದಿದ್ದು ಅದೇ ವರ್ಷ. ಐಟಿಐ ಹುಟ್ಟಿದ್ದು ಮರುವರ್ಷ, 1948ರಲ್ಲಿ. ಸ್ವತಂತ್ರ ಭಾರತದ ಮೊದಲ ಸಾರ್ವಜನಿಕ ಉದ್ಯಮ. ಇಪ್ಪತ್ತರ ಆಸುಪಾಸಿನಲ್ಲಿ ನಾನು ಅಲ್ಲಿಗೆ ಸೇರಿದೆ. ಆಗೆಲ್ಲ ಆ ಕಪ್ಪು ಫೋನ್ ಇತ್ತಲ್ಲ, ಅದರ ಡಯಲ್ ವೇಗ ಸರಿಮಾಡೋ ಬೆಂಚಿಗೆ ನನ್ನನ್ನು ಹಾಕಿದರು. ತೂತಿಗೆ ಬೆರಳು ಹಾಕಿ ತಿರುಗಿಸೋದು ನೀವು. ಕೆಲಸ ನಡೆಯೋದು ಬೆರಳು ತೆಗೆದ ಮೇಲೆ. ಡಯಲ್ ತಾನಾಗಿ ಹಿಂದಕ್ಕೆ ಬರ್ತಾ ತಂತಿಯ ಕರೆಂಟನ್ನು ಕಡಿದು ಕಡಿದು ಎಣಿಕೆ ಕಳಿಸುತ್ತೆ. 7 ತಿರುಗಿಸಿದರೆ ಏಳು ಕಡಿತ. ಸೆಕೆಂಡಿಗೆ ಹತ್ತು ಕಡಿತದ ಲೆಕ್ಕ. ಈ ವೇಗ ಕಾಯೋಕೆ ಒಳಗೆ ಒಂದು ಗವರ್ನರ್ ಇರುತ್ತೆ. ಎರಡು ಪುಟ್ಟ ತೂಕ, ಅವುಗಳ ಸುತ್ತ ಒಂದು ಬಟ್ಟಲು. ವೇಗ ಹೆಚ್ಚಾದರೆ ತೂಕಗಳು ಹೊರಕ್ಕೆ ಚಾಚಿ ಬಟ್ಟಲಿನ ಗೋಡೆಗೆ ಉಜ್ಜುತ್ತವೆ, ಓಟ ತಗ್ಗುತ್ತೆ. ಜಿಡ್ಡು ಒಣಗಿದರೆ ಡಯಲ್ ಕುಂಟುತ್ತೆ. ಮೀಟರ್ ನೋಡೋ ಮೊದಲೇ ಆ ಸದ್ದು ಕಿವಿಗೆ ಗೊತ್ತಾಗಬೇಕು, ಅಲ್ಲಿವರೆಗೂ ನಮ್ಮ ಮೇಸ್ತ್ರಿ ಬಿಡ್ತಿರಲಿಲ್ಲ.

ಆಕೆ: ನಮ್ಮ ಮನೆಯಲ್ಲಿ ಫೋನ್ ಇರಲಿಲ್ಲ. ಎದುರುಮನೆಯಲ್ಲಿ ಮಾಡ್ತಿದ್ದೆವು. ತಡ ಆಗುತ್ತೆ ಅಂತ ನಾನು ಡಯಲನ್ನು ಬೆರಳಿಂದ ಹಿಂದಕ್ಕೆ ದೂಡ್ತಿದ್ದೆ.

ಹಿರಿಯರು: ರಾಂಗ್ ನಂಬರ್ ಹೋಗ್ತಿತ್ತು ಅಲ್ವಾ? ಅದೇ ನಾನು ಹೇಳೋದು. ಎಪ್ಪತ್ತು ದಾಟಿದ ಮೇಲೆ ದೇಹಕ್ಕೆ ಅದರದೇ ವಾಪಸು ಬರೋ ವೇಗ ಇರುತ್ತೆ. ಜ್ವರ ಬಂದು ಹೋದರೆ ಮೊದಲು ಎರಡು ದಿನಕ್ಕೆ ಎದ್ದು ಓಡ್ತಿದ್ದೆ, ಈಗ ಎರಡು ವಾರ ಬೇಕು. ದೂಡಬಾರದು. ಬೆಳಿಗ್ಗೆ ಮಂಚದಿಂದ ಏಳುವಾಗ ಮೊದಲು ಕೂತುಕೋಬೇಕು, ಕಾಲು ಇಳಿಬಿಟ್ಟು ನಿಧಾನವಾಗಿ ಐವತ್ತು ಎಣಿಸಬೇಕು, ಆಮೇಲೆ ನಿಲ್ಲಬೇಕು. ಮಲಗಿದ್ದವರು ತಟಕ್ಕನೆ ಎದ್ದರೆ ರಕ್ತದೊತ್ತಡ ಕುಸಿಯುತ್ತೆ, ಕಣ್ಣು ಕತ್ತಲಿಡುತ್ತೆ. ನಮ್ಮ ವಯಸ್ಸಿನಲ್ಲಿ ಬಿದ್ದವರ ಕಥೆ ಬಹಳ ಸಲ ಅಲ್ಲಿಂದ ಶುರುವಾಗುತ್ತೆ. ಸೊಂಟದ ಮೂಳೆ ಮುರಿದರೆ ಆಮೇಲೆ ನಡೆಯೋದೆಲ್ಲ ಬೇರೆಯವರ ಕೈಯಲ್ಲಿ.

ಆಕೆ: ಇದು ಎಚ್ಚರಿಕೆ. ಪಾಠ ಅಂದರೆ ನನ್ನ ಮನಸ್ಸಿನಲ್ಲಿ ಇನ್ನೊಂದು ಇತ್ತು. ಮಾಸ್ತಿ ಅವರನ್ನು ನೋಡಿ. 1891ರಲ್ಲಿ ಹುಟ್ಟಿದರು. 'ಚಿಕವೀರ ರಾಜೇಂದ್ರ' ಬಂದಿದ್ದು 1956ರಲ್ಲಿ, ಅಂದರೆ ಅರವತ್ತೈದರ ಹೊತ್ತಿಗೆ. ಜ್ಞಾನಪೀಠ ಬಂದಾಗ ತೊಂಬತ್ತು ದಾಟಿತ್ತು. ಎ.ಎನ್. ಮೂರ್ತಿರಾಯರು 'ದೇವರು' ಪುಸ್ತಕ ಪ್ರಕಟಿಸಿದ್ದು 1991ರಲ್ಲಿ. ಅವರು ಹುಟ್ಟಿದ್ದು 1900ರಲ್ಲಿ, ಲೆಕ್ಕ ಹಾಕಿ. ದೇವರಿದ್ದಾನೆಯೇ ಅಂತ ಆ ವಯಸ್ಸಿನಲ್ಲಿ ಅಂಜದೆ ಕೇಳಿದರು. ಜಿ. ವೆಂಕಟಸುಬ್ಬಯ್ಯನವರು 'ಇಗೋ ಕನ್ನಡ' ಶುರು ಮಾಡಿದ್ದು ನಿಮ್ಮ ಈಗಿನ ವಯಸ್ಸಿನಲ್ಲಿ. ನೂರೇಳು ವರ್ಷ ಬಾಳಿದರು. ಇವರನ್ನೆಲ್ಲ ನೆನೆದರೆ ನನಗೆ ಧೈರ್ಯ ಬರುತ್ತೆ.

ಹಿರಿಯರು: ಬರಲಿ. ದೊಡ್ಡವರು ಅವರು, ನಮಸ್ಕಾರ ಮಾಡೋಣ. ಆದರೆ ರಸೆಲ್ ಮಾರ್ಕೆಟ್ಟಿಗೆ ಬೆಳಗಿನ ಜಾವ ಹೋಗಿದ್ದೀರಾ? 1927ರಲ್ಲಿ ಕಟ್ಟಿದ ಕಟ್ಟಡ ಅದು. ನಾನು ಹುಡುಗನಾಗಿದ್ದಾಗಿನಿಂದ ನೋಡ್ತಿದ್ದೀನಿ, ಅಲ್ಲಿ ತಲೆ ಮೇಲೆ ಬುಟ್ಟಿ ಹೊರೋರಲ್ಲಿ ಒಂದಿಬ್ಬರು ನನ್ನ ವಯಸ್ಸಿನವರು ಯಾವತ್ತೂ ಇರ್ತಾರೆ. ಮೊದಲು ಅವರು ಅಜ್ಜಂದಿರ ಹಾಗೆ ಕಾಣ್ತಿದ್ದರು, ಈಗ ನನ್ನ ಓರಗೆಯವರು. ಅಂಥ ಮನುಷ್ಯನಿಗೆ ನಿವೃತ್ತಿ ಅನ್ನೋದೇ ಇಲ್ಲ. ಮಂಡಿ ಸವೆದರೂ ಬುಟ್ಟಿ ಇಳಿಯಲ್ಲ. ಅರವತ್ತೈದಾದ ಬಡವರಿಗೆ ಸಂಧ್ಯಾ ಸುರಕ್ಷಾ ಅಂತ ರಾಜ್ಯ ಸರ್ಕಾರ ಕೊಡೋದು ತಿಂಗಳಿಗೆ 1200 ರೂಪಾಯಿ. ಅವನ ಮುಂದೆ ನಿಂತು, ತೊಂಬತ್ತಕ್ಕೆ ಪುಸ್ತಕ ಬರೆದರು ನೋಡಪ್ಪಾ ಅಂದರೆ ಅವನೇನು ಮಾಡಬೇಕು? ಪಾಠ ಅಂತ ಒಂದಿದ್ದರೆ ಅದು ಅವನಿಗೂ ಸಲ್ಲಬೇಕು.

ಆಕೆ: ಅವನಿಗೂ ಸಲ್ಲೋ ಪಾಠ ಯಾವುದು?

ಹಿರಿಯರು: ಅದನ್ನೇ ನಾನೂ ಹುಡುಕ್ತಿರೋದು. 1980ರ ಡಿಸೆಂಬರ್ ಮುಷ್ಕರದಲ್ಲಿ ಒಂದು ತುಣುಕು ಸಿಕ್ಕಿತ್ತು. ಐಟಿಐ, ಎಚ್‌ಎಎಲ್, ಬಿಇಎಲ್, ಎಚ್‌ಎಂಟಿ, ಬಿಇಎಂಎಲ್, ಎಲ್ಲ ಕಾರ್ಖಾನೆ ಒಟ್ಟಿಗೆ ನಿಂತವು. ಎಪ್ಪತ್ತೇಳು ದಿನ. ಡಿಸೆಂಬರ್ 26ಕ್ಕೆ ಶುರುವಾಗಿ ಮಾರ್ಚ್ 12ಕ್ಕೆ ಮುಗೀತು. ನನಗಾಗ ಮೂವತ್ತಮೂರು. ಎರಡು ಸಣ್ಣ ಮಕ್ಕಳು, ಸಂಬಳ ಇಲ್ಲ. ಬಜಾರ್ ಬೀದಿಯ ಅಂಗಡಿಯವರು ಚೀಟಿ ಬರೆದುಕೊಂಡು ಅಕ್ಕಿ ಕೊಟ್ಟರು. ಗಟ್ಟಿ ಕೆಲಸ ಇದೆ, ಯಾರ ಹಂಗೂ ಇಲ್ಲ ಅಂತ ಎದೆ ಉಬ್ಬಿಸಿಕೊಂಡು ಓಡಾಡ್ತಿದ್ದೋರು ನಾವು. ಇನ್ನೊಬ್ಬರು ಹಿಡಿಯದೆ ನಾನು ನಿಲ್ಲಲಾರೆ ಅನ್ನೋದು ಆಗ ಕಣ್ಣಿಗೆ ಕಂಡಿತು. ಸಂಬಳ ಮತ್ತೆ ಬಂದ ಮೇಲೆ ಕಂಡಿದ್ದು ಮರೆತುಹೋಯ್ತು. ಈಗ ಮತ್ತೆ ಕಾಣ್ತಿದೆ.

ಆಕೆ: ಅಷ್ಟು ದಿನ ಮನೆ ನಡೆದಿದ್ದು ಬರೀ ಚೀಟಿಯ ಮೇಲಾ?

ಹಿರಿಯರು: ಇಲ್ಲ. ನನ್ನವಳು ಕಮರ್ಷಿಯಲ್ ಸ್ಟ್ರೀಟ್ ಅಂಗಡಿಗಳಿಗೆ ರವಿಕೆ ಹೊಲಿದು ಕೊಡ್ತಿದ್ದಳು. ರಾತ್ರಿಯೆಲ್ಲ ಮಷಿನ್ ತುಳೀತಿದ್ದಳು.

ಆಕೆ: ನೋಡಿ, ನಾನು ಕೇಳದೆ ಇದ್ದಿದ್ದರೆ ಆ ಮಾತು ಬರ್ತಿರಲಿಲ್ಲ. ಬೇಜಾರು ಮಾಡ್ಕೋಬೇಡಿ. ಮುಪ್ಪು ಕಸುಬು ಅಂತೀರಿ, ನಿಧಾನವಾಗಬೇಕು, ದೂಡಬಾರದು ಅಂತೀರಿ. ಎಲ್ಲ ಸರಿ. ಆದರೆ ಗಂಡಸರ ಮುಪ್ಪಿನ ಪಾಠಗಳಲ್ಲಿ ಒಬ್ಬರು ಯಾವಾಗಲೂ ಅಡುಗೆಮನೆಯಲ್ಲೇ ನಿಂತಿರ್ತಾರೆ. ನಿಧಾನವಾಗೋಕೆ ನಿಮಗೆ ಬಿಡುವು ಕೊಡೋರು ಯಾರು? ಬಿಸಿನೀರು ಕಾಯಿಸೋರು, ಗುಳಿಗೆ ಎಣಿಸಿಡೋರು, ರಾತ್ರಿ ಕೆಮ್ಮಿದರೆ ಎದ್ದು ಕೂರೋರು? ಹೆಂಗಸಿಗೆ ಅರವತ್ತಾದ ಮೇಲೂ ನಿವೃತ್ತಿ ಆದೇಶ ಬರಲ್ಲ. ಶಾಲೆಯಿಂದ ನನ್ನನ್ನು ಹಾರ ಹಾಕಿ ಕಳಿಸಿದರು. ಅವತ್ತು ಸಂಜೆ ಮನೆಗೆ ಬಂದು ಅಮ್ಮನ ಬಟ್ಟೆ ಬದಲಾಯಿಸಿದೆ.

ಹಿರಿಯರು: ನೀವು ಹೇಳೋದು ನಿಜ. ಅವಳು ಹೋದ ಮೇಲೆ ನಾನು ಸಾರು ಮಾಡೋದು ಕಲಿತೆ, ಎಪ್ಪತ್ತು ದಾಟಿದ ಮೇಲೆ. ಮೊದಲು ಕಲಿತಿದ್ದರೆ ಅವಳಿಗೂ ಮಾಡಿ ಹಾಕಬಹುದಾಗಿತ್ತು. ಅಮ್ಮ ಹೇಗಿದ್ದಾರೆ ಈಗ?

ಆಕೆ: ಎಂಬತ್ತೆಂಟು. ಮರೆವಿನ ಕಾಯಿಲೆ ಮುಂದುವರಿದಿದೆ. ಬೆಳಿಗ್ಗೆ ಪರವಾಗಿಲ್ಲ. ಸಂಜೆ ನಾಲ್ಕು ಗಂಟೆ ಆದರೆ ಗಾಬರಿ ಶುರು. ಚೀಲ ಹಿಡಿದು ಬಾಗಿಲಿಗೆ ಬಂದು ನಿಲ್ತಾಳೆ, ಮನೆಗೆ ಹೋಗೋಣ ಅಂತಾಳೆ. ಐವತ್ತು ವರ್ಷಕ್ಕೂ ಮೇಲೆ ಬಾಳಿದ ಮನೆ ಅದೇ. ಅವಳು ಕೇಳೋದು ಮಾಲೂರು ಕಡೆಯ ತವರು. ಆ ಹೊತ್ತಿನ ಗಾಬರಿ ಈ ಕಾಯಿಲೆಯಲ್ಲಿ ಸಾಮಾನ್ಯ. ಕಸ್ತೂರಿನಗರದಲ್ಲಿ ನೈಟಿಂಗೇಲ್ಸ್ ಟ್ರಸ್ಟಿನವರ ಕೇಂದ್ರ ಇದೆಯಲ್ಲ, ಮರೆವಿನ ಕಾಯಿಲೆಯವರಿಗೆ ಅಂತಲೇ ಇರೋದು. ಅಂಥ ಕಡೆ ದುಡಿಯೋರು ಮೊದಲು ಹೇಳೋ ಮಾತು ಇದು: ವಾದ ಮಾಡಬೇಡಿ, ತಿದ್ದಬೇಡಿ. ಇದೇ ನಿನ್ನ ಮನೆ ಅಂತ ಸಾಧಿಸಿ ಗೆದ್ದರೆ ಅವಳ ಗಾಬರಿ ಇಮ್ಮಡಿಯಾಗುತ್ತೆ. ಹೋಗೋಣಮ್ಮ, ಕಾಫಿ ಕುಡಿದು ಹೋಗೋಣ ಅಂತೀನಿ. ಕುಡಿಯೋ ಹೊತ್ತಿಗೆ ಅರ್ಧ ತಣ್ಣಗಾಗಿರ್ತಾಳೆ.

ಹಿರಿಯರು: ಮೇಡಂ ಆಗಿದ್ದವರಿಗೆ ತಿದ್ದದೆ ಇರೋದು ಕಷ್ಟ.

ಆಕೆ: ಬಹಳ ಕಷ್ಟ. ಆಯಸ್ಸೆಲ್ಲ ಕೆಂಪು ಶಾಯಿ ಹಿಡಿದವಳು ನಾನು. ನಿಮಗೆ ಇನ್ನೊಂದು ಹೇಳಬೇಕು. ಪಕ್ಕದ ಮನೆಯ ತಮಿಳಮ್ಮ ಗೊತ್ತಲ್ಲ? ಅಮ್ಮ ಮದುವೆಯಾಗಿ ಹಲಸೂರಿಗೆ ಬಂದಾಗ ಅವಳಿಗೆ ಒಂದಕ್ಷರ ತಮಿಳು ಬರ್ತಿರಲಿಲ್ಲ. ನಲ್ಲಿ ಹತ್ತಿರ ನಿಂತು ಆಕೆಯಿಂದ ಕಲಿತಳು. ಆಮೇಲೆ ಇಬ್ಬರ ಮಾತೂ ಜೀವನಪೂರ್ತಿ ತಮಿಳಿನಲ್ಲೇ. ಈ ಕಾಯಿಲೆಯಲ್ಲಿ ಆಮೇಲೆ ಕಲಿತ ಭಾಷೆ ಮೊದಲು ಉದುರುತ್ತಂತೆ, ಅಮ್ಮನಿಗೆ ಹಾಗೇ ಆಗಿದೆ. ತಮಿಳು ಪೂರ್ತಿ ಹೋಗಿದೆ, ಮಾಲೂರಿನ ಕನ್ನಡ ಮಾತ್ರ ಉಳಿದಿದೆ. ಆಕೆಗೆ ಕನ್ನಡ ತರಕಾರಿ ಕೊಳ್ಳೋಕೆ ಎಷ್ಟು ಬೇಕೋ ಅಷ್ಟೇ. ಆದರೂ ದಿನಾ ಬರ್ತಾರೆ.

ಹಿರಿಯರು: ಬಂದು ಏನು ಮಾಡ್ತಾರೆ?

ಆಕೆ: ಈಗ ಅವರೆಕಾಯಿ ಬರೋಕೆ ಶುರುವಾಗಿದೆಯಲ್ಲ. ಆಕೆ ರಾತ್ರಿ ಕಾಳು ನೆನೆಹಾಕಿ ಬೆಳಿಗ್ಗೆ ಪಾತ್ರೆ ಸಮೇತ ತರ್ತಾರೆ. ಇಬ್ಬರೂ ನಡುಮನೆಯಲ್ಲಿ ಕೂತು ಹಿತುಕ್ತಾರೆ. ನನ್ನ ಹೆಸರು ಅಮ್ಮನಿಗೆ ಒಂದೊಂದು ದಿನ ಸಿಗಲ್ಲ. ಆದರೆ ಕಾಳು ಕೈಗೆ ಬಂದ ಕೂಡಲೇ ಹೆಬ್ಬೆರಳು ತೋರುಬೆರಳು ತಾವೇ ಜಾಗ ಹುಡುಕಿಕೊಳ್ತವೆ. ಮೂತಿ ಇರೋ ಕಡೆ ಹಿಡಿದು ಒಂದೇ ಒತ್ತು, ಬೇಳೆ ಟಪ್ಪನೆ ಪಾತ್ರೆಗೆ, ಸಿಪ್ಪೆ ಬೆರಳಲ್ಲಿ. ಒಂದೂ ಮುರಿಯಲ್ಲ. ನಾನು ಹಿತುಕಿದರೆ ನಾಲ್ಕರಲ್ಲಿ ಒಂದು ಒಡೆಯುತ್ತೆ. ಹೆಸರು, ಇಸವಿ ಮರೆತರೂ ಕೈ ಕಲಿತ ಕೆಲಸ ಬಹಳ ಕಾಲ ಉಳಿಯುತ್ತೆ, ಅದು ಮಿದುಳಿನ ಬೇರೆ ಮೂಲೆಯಲ್ಲಿ ಇರುತ್ತೆ ಅಂತಾರೆ ವೈದ್ಯರು. ಕೆಲಸ ಮುಗಿದ ಮೇಲೆ ಅಮ್ಮ ಕನ್ನಡದಲ್ಲಿ ಏನೋ ಹೇಳ್ತಾಳೆ, ಆಕೆ ತಮಿಳಿನಲ್ಲಿ ಏನೋ ಹೇಳ್ತಾರೆ. ಒಬ್ಬರದು ಒಬ್ಬರಿಗೆ ತಿಳಿಯಲ್ಲ. ಇಬ್ಬರೂ ತೃಪ್ತಿಯಿಂದ ತಲೆಯಾಡಿಸ್ತಾರೆ.

ಹಿರಿಯರು: ಆ ತಮಿಳಮ್ಮನಿಗೂ ಎಂಬತ್ತಾಯ್ತಲ್ವಾ?

ಆಕೆ: ಎಂಬತ್ತಮೂರು. ಮೆಟ್ಟಿಲು ಹತ್ತುವಾಗ ಉಬ್ಬಸ ಬರುತ್ತೆ. ನೀವು ಬರಬೇಡಿ, ನಾನೇ ಅಮ್ಮನನ್ನು ಕರೆದುಕೊಂಡು ಬರ್ತೀನಿ ಅಂದರೆ ಕೇಳಲ್ಲ. ಅಮ್ಮನಿಗೆ ಬೇರೆ ಮನೆ ಗಾಬರಿ ಅಂತ ಅವರೇ ಬರ್ತಾರೆ. ಮುಪ್ಪಿನ ಕಸುಬು ಅಂದಿರಲ್ಲ, ಆ ಕಸುಬಿನ ಮೇಸ್ತ್ರಿ ಅವರು ಅಂತ ನನಗೆ ಈಗ ಅನ್ನಿಸ್ತಿದೆ. ಪುಸ್ತಕ ಬರೆಯಲಿಲ್ಲ, ಪಿಂಚಣಿ ಇಲ್ಲ. ಗೆಳತಿಯ ನೆನಪು ಹೋಗಿದೆ ಅಂತ ಗೆಳೆತನ ನಿಲ್ಲಿಸಲಿಲ್ಲ, ಅಷ್ಟೇ.

ಹಿರಿಯರು: ಇದು ಆ ರಸೆಲ್ ಮಾರ್ಕೆಟ್ಟಿನವನಿಗೂ ಸಲ್ಲುತ್ತೆ.

ಆಕೆ: ಅವನಿಗೆ ಸಲ್ಲಬೇಕಾದರೆ ಅವನ ಪಕ್ಕದಲ್ಲಿ ಒಬ್ಬರು ಇರಬೇಕಲ್ಲ.

ಹಿರಿಯರು: ಅಲ್ಲೇ ನನಗೆ ಭಯ ಇರೋದು ಟೀಚರಮ್ಮ. ಪಕ್ಕದಲ್ಲಿ ಇರೋರು ಕಡಿಮೆಯಾಗ್ತಾ ಇದ್ದಾರೆ. ಹಲಸೂರು ಕೆರೆ ಸುತ್ತ ನಡೆಯೋಕೆ ನಮ್ಮದೊಂದು ಗುಂಪಿತ್ತು. ಬೆಳಿಗ್ಗೆ ಗುರುದ್ವಾರದ ಕಡೆಯಿಂದ ಹೊರಟು ಸುತ್ತು ಹಾಕಿ ಬಂದು ಕಾಫಿ ಕುಡೀತಿದ್ದೆವು. ಈಗ ಉಳಿದಿರೋದು ನಾನು, ಮತ್ತೆ ಮಂಡಿ ನೋವಿನಿಂದ ಮನೆ ಬಿಟ್ಟು ಬರದ ಇನ್ನೊಬ್ಬರು. ಕಲ್ಪಳ್ಳಿ ಸ್ಮಶಾನದ ದಾರಿ ನನಗೆ ಬಾಯಿಪಾಠ ಆಗಿದೆ. ಗೆಳೆಯರು ಹೋಗ್ತಾರೆ ಅಂತ ಎಲ್ಲರಿಗೂ ಗೊತ್ತು. ಆದರೆ ಹಳೇ ಜೋಕಿಗೆ ನಗೋರು ಯಾರೂ ಇಲ್ಲದೆ ಹೋಗ್ತಾರೆ ಅನ್ನೋದನ್ನು ಯಾರೂ ಮೊದಲೇ ಹೇಳಲ್ಲ. ಪ್ಲಾಜಾದಲ್ಲಿ, ಲಿಡೋದಲ್ಲಿ ನಾವು ನೋಡಿದ ಸಿನಿಮಾದ ಮಾತು ಆಡಿದರೆ, ಆ ಟಾಕೀಸು ಎಲ್ಲಿತ್ತು ಅಂತ ಮೊದಲು ವಿವರಿಸಬೇಕು.

ಆಕೆ: ಅದಕ್ಕೇನು ಮಾಡಿದಿರಿ?

ಹಿರಿಯರು: ಸಣ್ಣವರನ್ನು ಗೆಳೆಯರು ಮಾಡಿಕೊಂಡೆ. ಮೇಲಿನ ರೂಮಿಗೆ ಮಣಿಪುರದ ಒಬ್ಬ ಹುಡುಗ ಬಾಡಿಗೆಗೆ ಬಂದ. ಇಂದಿರಾನಗರದ ಹೋಟೆಲೊಂದರಲ್ಲಿ ಕೆಲಸ. ರಾತ್ರಿ ಒಂದಕ್ಕೆ ಬರ್ತಾನೆ, ನನಗೆ ಆ ಹೊತ್ತಿಗೆ ಎಚ್ಚರ ಆಗಿರುತ್ತೆ. ಮುಪ್ಪಿನಲ್ಲಿ ನಿದ್ದೆ ಹಗುರ. ಬಾಗಿಲು ತೆಗೀತೀನಿ, ಎರಡು ಮಾತಾಡ್ತೀವಿ. ಫೋನಿನಲ್ಲಿ ದುಡ್ಡು ಕಳಿಸೋದು ಅವನೇ ಕಲಿಸಿದ್ದು. ಯಾರು ಏನೇ ಹೇಳಿ ಕೇಳಲಿ, ಒಟಿಪಿ ಕೊಡಬೇಡಿ ಅಂತ ದಿನಕ್ಕೊಮ್ಮೆ ಎಚ್ಚರಿಸ್ತಾನೆ. ನಾನು ಅವನಿಗೆ ಏನೂ ಉಪದೇಶ ಮಾಡಲ್ಲ. ಇದನ್ನು ಬರೆದುಕೊಳ್ಳಿ ಬೇಕಾದರೆ. ಕೇಳದೆ ಬುದ್ಧಿ ಹೇಳಬಾರದು, ಕೇಳಿದಾಗಲೂ ಚಿಕ್ಕದಾಗಿ ಹೇಳಬೇಕು. ಅವನು ಅಮ್ಮನನ್ನು ನೆನೆದು ಅತ್ತ ದಿನ ನಾನು ಸುಮ್ಮನೆ ಪಕ್ಕದಲ್ಲಿ ಕೂತಿದ್ದೆ.

ಆಕೆ: ಇಂದಿರಾನಗರ ಅಂದಿರಲ್ಲ, ಅಲ್ಲಿ ನನ್ನ ಸಹೋದ್ಯೋಗಿಯೊಬ್ಬರು ಇದ್ದಾರೆ. ಎಪ್ಪತ್ತರ ದಶಕದಲ್ಲಿ ಅವರ ಮಾವ ಸೈಟು ತೆಗೆದುಕೊಂಡು ಕಟ್ಟಿದ ಮನೆ. ಸುತ್ತ ಮಾವಿನ ಮರ, ಹಂಚಿನ ಮುಂಭಾಗ. ಈಗ ಎಡಕ್ಕೆ ಪಬ್ಬು, ಬಲಕ್ಕೆ ಬಟ್ಟೆ ಅಂಗಡಿ. ರಾತ್ರಿ ಕಿಟಕಿ ಗಾಜು ನಡುಗುತ್ತೆ ಅಂತಾರೆ. ಅಲ್ಲಿನ ನಿವಾಸಿಗಳು ಎಷ್ಟೋ ವರ್ಷದಿಂದ ಈ ಸದ್ದಿನ ವಿರುದ್ಧ ದೂರು ಕೊಡ್ತಾ ಇದ್ದಾರೆ. ಈ ಸಹೋದ್ಯೋಗಿಯ ಮಕ್ಕಳು ಅಮೆರಿಕದಲ್ಲಿ. ಸುತ್ತಲೂ ಸಾವಿರ ಜನ, ಆದರೆ ಬಿದ್ದರೆ ಎತ್ತೋಕೆ ಬರೋ ಒಬ್ಬರ ಹೆಸರೂ ಗೊತ್ತಿಲ್ಲ.

ಹಿರಿಯರು: 1090 ನಂಬರ್ ಅವರ ಫೋನಿನಲ್ಲಿ ಹಾಕಿಕೊಡಿ. ಹಿರಿಯರ ಸಹಾಯವಾಣಿ. ಪೊಲೀಸರೂ ನೀವು ಹೇಳಿದ ಆ ನೈಟಿಂಗೇಲ್ಸ್‌ನವರೂ ಸೇರಿ 2002ರಲ್ಲಿ ಶುರು ಮಾಡಿದ್ದು. ದೇಶಕ್ಕೆಲ್ಲ ಒಂದೇ ಅಂತ 14567 ಕೂಡ ಇದೆ. ಮನೆ ಮಕ್ಕಳ ಹೆಸರಿಗೆ ಬರೆಯೋ ಮಾತೇನಾದರೂ ಇದೆಯಾ ಅಲ್ಲಿ?

ಆಕೆ: ಇದೆ. ದಾನಪತ್ರ ಮಾಡಿಕೊಡು ಅಂತ ಮಗ ಕೇಳ್ತಿದ್ದಾನಂತೆ.

ಹಿರಿಯರು: ಬರೆದರೆ ಷರತ್ತು ಹಾಕಿ ಬರೆಯೋಕೆ ಹೇಳಿ. ಇದು ಮಗನ ಮೇಲಿನ ಅಪನಂಬಿಕೆಯ ಮಾತಲ್ಲ, ಕಾಗದದ ಮಾತು. 2007ರ ತಂದೆ ತಾಯಿ ಮತ್ತು ಹಿರಿಯ ನಾಗರಿಕರ ಕಾಯ್ದೆಯಲ್ಲಿ 23ನೇ ಸೆಕ್ಷನ್ ಇದೆ. ನೋಡಿಕೊಳ್ಳಬೇಕು ಅನ್ನೋ ಷರತ್ತಿನ ಮೇಲೆ ಆಸ್ತಿ ಕೊಟ್ಟು, ಅವರು ನೋಡಿಕೊಳ್ಳದೆ ಹೋದರೆ, ಆ ಪತ್ರ ರದ್ದು ಮಾಡಿಸಬಹುದು. ಉಪವಿಭಾಗಾಧಿಕಾರಿಗಳ ಮುಂದೆ ಅರ್ಜಿ ಹಾಕಬೇಕು. ಷರತ್ತು ಪತ್ರದಲ್ಲೇ ಸ್ಪಷ್ಟವಾಗಿ ಇರಲಿ. ಇಲ್ಲದೆ ಹೋದರೆ ಅದಿತ್ತು ಅಂತ ಸಾಧಿಸೋಕೆ ಕೋರ್ಟಿಗೆ ಅಲೆಯಬೇಕಾಗುತ್ತೆ. ನಮ್ಮ ಬೀದಿಯಲ್ಲೇ ಒಬ್ಬರು ಅಲೆದರು. ದಾನಪತ್ರಕ್ಕಿಂತ ವಿಲ್ ಒಳ್ಳೆಯದು, ಬದುಕಿರೋವರೆಗೂ ಮನೆ ನಮ್ಮದಾಗಿರುತ್ತೆ. ಇಷ್ಟು ಸಾಕು, ದುಡ್ಡಿನ ಮಾತು ಹೆಚ್ಚು ಬೆಳೆಸಬಾರದು.

ಆಕೆ: ನೀವು ಮನೆ ಬಿಟ್ಟು ಮಗನ ಹತ್ತಿರ ಕೆ.ಆರ್. ಪುರಕ್ಕೆ ಯಾಕೆ ಹೋಗಲಿಲ್ಲ? ಅಲ್ಲಿ ಅಪಾರ್ಟ್‌ಮೆಂಟಿನಲ್ಲಿ ಲಿಫ್ಟ್ ಇದೆ, ಕಾವಲಿದೆ.

ಹಿರಿಯರು: ಹೋಗಿ ಬರ್ತೀನಿ. ಮೆಟ್ರೋ ಇದೆಯಲ್ಲ. 2023ರ ಅಕ್ಟೋಬರಿನಲ್ಲಿ ಬೈಯಪ್ಪನಹಳ್ಳಿಯಿಂದ ಆಚೆಗೂ ಕೂಡಿಸಿದ ಮೇಲೆ ಹಲಸೂರಿನಲ್ಲಿ ಹತ್ತಿದರೆ ಕೆ.ಆರ್. ಪುರ ಐದನೇ ನಿಲ್ದಾಣ. ಲಿಫ್ಟಿನಲ್ಲಿ ಹೋಗಿ, ಲಿಫ್ಟಿನಲ್ಲಿ ಇಳೀತೀನಿ. ಕಿಟಕಿಯಿಂದ ಎನ್‌ಜಿಇಎಫ್ ಜಾಗದ ಮರಗಳು ಕಾಣ್ತವೆ. ಜರ್ಮನಿಯ ಎಇಜಿ ಸಹಯೋಗದಲ್ಲಿ ಕಟ್ಟಿದ ಕಾರ್ಖಾನೆ. ನನ್ನ ಭಾವ ಅಲ್ಲಿ ಟ್ರಾನ್ಸ್‌ಫಾರ್ಮರ್ ಸುತ್ತುತಿದ್ದರು. ಈಗ ಮುಚ್ಚಿ ಇಪ್ಪತ್ತು ವರ್ಷದ ಮೇಲಾಯ್ತು, ಮರ ಬೆಳೆದು ಕಾಡಾಗಿದೆ. ಮಗನ ಮನೆಯಲ್ಲಿ ನನಗೆ ಏನೂ ಕೊರತೆ ಇಲ್ಲ. ಸೊಸೆ ಒಳ್ಳೆಯವಳು. ಆದರೆ ಅಲ್ಲಿ ನಾನು ಯಾರಿಗೂ ಬೇಕಾಗಲ್ಲ. ಇಲ್ಲಿ ಸೋಮೇಶ್ವರನ ಜಾತ್ರೆ ಬಂತು ಅಂದರೆ, ಹೂಪಲ್ಲಕ್ಕಿ ನಮ್ಮ ಮೂಲೆಗೆ ಬರೋ ಹೊತ್ತಿಗೆ ನೀರುಮಜ್ಜಿಗೆ ಸಿದ್ಧ ಇರಬೇಕು. ಮೊದಲು ರಾತ್ರಿಯೆಲ್ಲ ಪಲ್ಲಕ್ಕಿ ಜೊತೆ ನಡೀತಿದ್ದೆ. ಕಾಲು ಸೋತ ವರ್ಷ ಮನೆಯಲ್ಲಿ ಮಲಗೋಣ ಅಂತಿದ್ದಾಗ ಹುಡುಗರು ಮಜ್ಜಿಗೆ ಲೆಕ್ಕ ನನಗೆ ಒಪ್ಪಿಸಿದರು. ಉಪ್ಪು ಎಷ್ಟು, ಶುಂಠಿ ಎಷ್ಟು, ಎಷ್ಟು ಲೋಟ, ಅದೆಲ್ಲ ನಾನು ಹೇಳಿದ ಹಾಗೇ. ಮಾಡೋ ಕೆಲಸ ಕೈಬಿಟ್ಟಾಗ ಪೂರ್ತಿ ಕೂರೋದಲ್ಲ. ಅದೇ ಕೆಲಸದ ಸಣ್ಣ ತುದಿ ಹಿಡಿಯಬೇಕು.

ಆಕೆ: ಹಿಡಿಯೋಕೆ ಹುಡುಗರು ಕೊಟ್ಟರಲ್ಲ. ಅದು ದೊಡ್ಡದು.

ಹಿರಿಯರು: ಹೌದು, ಕೊಟ್ಟರು. ಬೆಳಿಗ್ಗೆಯಿಂದ ನೀವು ಆ ಕಡೆಗೇ ಎಳೀತಿದ್ದೀರಿ, ನಾನು ತಡವಾಗಿ ಬರ್ತಿದ್ದೀನಿ. ನಾನು ಕಲಿತೆ, ನಾನು ಮಾಡಿದೆ ಅಂದಿದ್ದರ ಹಿಂದೆಲ್ಲ ಯಾರೋ ಒಬ್ಬರು ಇದ್ದಾರೆ. ರವಿಕೆ ಹೊಲಿದವಳು, ಚೀಟಿ ಬರೆದವನು, ಮೇಲಿನ ರೂಮಿನ ಹುಡುಗ, ಮಜ್ಜಿಗೆ ಒಪ್ಪಿಸಿದ ಹುಡುಗರು. ವಯಸ್ಸು ಇದನ್ನು ತೋರಿಸೋದು ಒಳ್ಳೆಯದಕ್ಕೇ. ಗಟ್ಟಿಯಾಗಿದ್ದಾಗ ಕಣ್ಣಿಗೆ ಬೀಳಲ್ಲ.

ಆಕೆ: ನನಗೆ ಕಣ್ಣಿಗೆ ಬಿದ್ದಿದೆ. ಆದರೆ ದಣಿವೂ ಆಗಿದೆ. ಇದನ್ನೂ ಹೇಳಿಬಿಡ್ತೀನಿ, ಪ್ರೀತಿಯ ಮಾತಾಡೋರು ಈ ದಣಿವಿನ ಮಾತಾಡಲ್ಲ. ರಾತ್ರಿ ಅಮ್ಮ ನಾಲ್ಕು ಸಲ ಏಳ್ತಾಳೆ. ಕಣ್ಣಿನ ಪೊರೆ ತೆಗೆಸಿಕೋಬೇಕು ಅಂತ ವೈದ್ಯರು ನನಗೆ ಹೇಳಿ ಬಹಳ ದಿನ ಆಯ್ತು. ಬೌರಿಂಗ್ ಆಸ್ಪತ್ರೆಗೆ ಹೋಗಿ ತೋರಿಸಿ ಬರಬೇಕಾದರೆ ಅರ್ಧ ದಿನ ಬೇಕು. ಬಸ್ಸು ಪುಕ್ಕಟೆ, 2023ರ ಜೂನ್‌ನಿಂದ ಹೆಂಗಸರಿಗೆ ಶಕ್ತಿ ಯೋಜನೆ ಇದೆ. ಪುಕ್ಕಟೆ ಸಿಗದೆ ಇರೋದು ಆ ಅರ್ಧ ದಿನ.

ಹಿರಿಯರು: ತಮಿಳಮ್ಮ?

ಆಕೆ: ಬೆಳಿಗ್ಗೆ ಒಂದು ಗಂಟೆ ಇರ್ತಾರೆ. ಎಂಬತ್ತಮೂರರವರ ಮೇಲೆ ಅದಕ್ಕಿಂತ ಹೊರಿಸೋಕೆ ನನಗೆ ಮನಸ್ಸು ಬರಲ್ಲ. ಅಮ್ಮ ಬಾಗಿಲು ತೆಗೆದು ಹೊರಟರೆ ಆಕೆಗೆ ಹಿಡಿಯೋಕಾಗಲ್ಲ.

ಹಿರಿಯರು: ನಾನು ಬರ್ತೀನಿ.

ಆಕೆ: ನೀವಾ?

ಹಿರಿಯರು: ಯಾಕೆ? ಸಾರು ಕಲಿತವನು ಇದನ್ನೂ ಕಲೀತೀನಿ. ಗುರುವಾರ ಹೋಗಿ ಬನ್ನಿ. ನನಗೆ ಏನೇನು ಗೊತ್ತಿರಬೇಕು ಹೇಳಿ. ಬೆಳಿಗ್ಗೆ ನೀವು ಕೇಳಿದಿರಿ, ಈಗ ನಾನು ಕೇಳ್ತಿದ್ದೀನಿ.

ಆಕೆ: ಅವಳು ನಿಮ್ಮನ್ನು ತಮ್ಮ ಅಂತ ಕರೀಬಹುದು. ಅವಳ ತಮ್ಮ ತೀರಿಕೊಂಡು ಬಹಳ ವರ್ಷ ಆಯ್ತು. ಅಲ್ಲ ಅನ್ನಬೇಡಿ.

ಹಿರಿಯರು: ಅನ್ನಲ್ಲ.

ಆಕೆ: ಒಂದೇ ಪ್ರಶ್ನೆ ಹತ್ತು ಸಲ ಕೇಳ್ತಾಳೆ. ಹತ್ತನೇ ಸಲವೂ ಮೊದಲನೇ ಸಲದ ದನಿಯಲ್ಲೇ ಹೇಳಬೇಕು, ದನಿ ಬದಲಾದರೆ ಅವಳಿಗೆ ಗೊತ್ತಾಗುತ್ತೆ. ನೆನಪಿದೆಯಾ ಅಂತ ಕೇಳಬೇಡಿ. ಮಾತ್ರೆ ನಾನು ಕೊಟ್ಟು ಹೋಗ್ತೀನಿ, ಅದಕ್ಕೆ ಕೈ ಹಾಕಬೇಡಿ. ಹಿಂದಿನಿಂದ ಹೋಗಿ ಮುಟ್ಟಬೇಡಿ. ಎದುರಿಗೆ ಬಂದು, ಕಣ್ಣಿಗೆ ಬಿದ್ದು, ಆಮೇಲೆ ಮಾತಾಡಿ.

ಹಿರಿಯರು: ನಾಲ್ಕು ಗಂಟೆಗೆ ಚೀಲ ಹಿಡಿದು ನಿಂತರೆ?

ಆಕೆ: ಅಷ್ಟರಲ್ಲಿ ನಾನು ಬಂದಿರ್ತೀನಿ. ಬರದೆ ಹೋದರೆ ಕಾಫಿ ಕೊಡಿ. ಕೇಳದೆ ಹೋದರೆ ಚಪ್ಪಲಿ ಹಾಕಿಸಿ ಕರೆದುಕೊಂಡು ಹೊರಡಿ. ದೇವಸ್ಥಾನದ ಮೂಲೆವರೆಗೆ ಹೋಗಿ, ಅಲ್ಲಿಂದ ಹೊರಳಿ. ವಾಪಸು ಬರುವಾಗ ಅದೇ ಬಾಗಿಲನ್ನು ಅವಳು ತನ್ನ ಮನೆ ಅಂತ ಗುರುತಿಸಿದರೂ ಗುರುತಿಸಬಹುದು. ಕೆಲವು ದಿನ ಗುರುತಿಸ್ತಾಳೆ.

ಹಿರಿಯರು: ಗುರುತಿಸದೆ ಹೋದರೆ?

ಆಕೆ: ಇನ್ನೊಂದು ಸುತ್ತು ಹೋಗಿ. ನಿಮ್ಮ ಕಾಲಿಗೆ ಆಗುತ್ತಾ?

ಹಿರಿಯರು: ಆಗುತ್ತೆ. ನಿಧಾನವಾಗಿ ಹೋಗ್ತೀವಿ, ಇಬ್ಬರೂ.

ಆಕೆ: ಹಾಗಾದರೆ ಗುರುವಾರ ಹನ್ನೊಂದಕ್ಕೆ ಬನ್ನಿ. ಊಟ ಅಲ್ಲೇ, ಹಿತುಕಿದ ಬೇಳೆ ಸಾರು. ಬುಧವಾರ ಸಂಜೆ ಒಂದು ಸಲ ಬಂದು ಹೋಗಿ, ನಿಮ್ಮ ಮುಖ ಅವಳಿಗೆ ಸ್ವಲ್ಪ ಪರಿಚಯ ಆಗಲಿ.